ಟ್ರಂಕಿನ ಅಳತೆಗೆ ಒಂದು ಕಂಪ್ಯೂಟರ್

ನಾನು ಮೊದಲು ಕೊಂಡದ್ದು ಕ್ಯಾಬಿನೆಟ್. ಬಿಡಿಭಾಗ ತಂದು ಕಂಪ್ಯೂಟರ್ ಜೋಡಿಸುವುದು ಗೊತ್ತಿದ್ದವರು ಈ ಮಾತು ಕೇಳಿದರೆ ನಗುತ್ತಾರೆ. ಒಳಗೆ ಕೂರುವ ಒಂದು ಭಾಗವೂ ಕೈಯಲ್ಲಿಲ್ಲದಾಗ ಹೊರಗಿನ ಡಬ್ಬಿ ತಂದಿಟ್ಟುಕೊಂಡರೆ ಕೂಸು ಹುಟ್ಟುವ ಮುನ್ನ ಕುಲಾವಿ ಹೊಲಿಸಿದಂತೆಯೇ. ಆದರೆ ನೌಕಾಪಡೆಯವನ ಜೊತೆ ಎಂಟು ವರ್ಷ ಸಂಸಾರ ಮಾಡಿದ ಯಾವ ಹೆಂಗಸಾದರೂ ಇದನ್ನೇ ಮಾಡುತ್ತಿದ್ದಳು ಎಂದು ನನಗೆ ಈಗಲೂ ಅನ್ನಿಸುತ್ತದೆ.

ನಮ್ಮ ಮನೆಯಲ್ಲಿ ಒಂದು ದಾರವಿದೆ. ಮೊದಲ ವರ್ಗಾವಣೆಯ ಹೊತ್ತಿಗೆ ನಮ್ಮನೆಯವರು ಕಟ್ಟಿಕೊಟ್ಟದ್ದು. ಅದರಲ್ಲಿ ಮೂರು ಗಂಟುಗಳಿವೆ: ಹನ್ನೆರಡು ಇಂಚಿಗೆ ಒಂದು, ಹದಿನಾರಕ್ಕೆ ಒಂದು, ಮೂವತ್ತಕ್ಕೆ ಒಂದು. ನಮ್ಮ ಕರಿ ಟ್ರಂಕಿನ ಎತ್ತರ, ಅಗಲ, ಉದ್ದ. ವರ್ಗವಾದಾಗ ಲಾರಿಗೆ ಹೋಗುವುದು ಅಂಥ ಟ್ರಂಕುಗಳು ಮಾತ್ರ. ಅವುಗಳಲ್ಲಿ ಹಿಡಿಯದ್ದನ್ನು ಅಕ್ಕಪಕ್ಕದವರಿಗೆ ಸಿಕ್ಕ ಬೆಲೆಗೆ ಕೊಟ್ಟು ಹೋಗುವುದು ನಮ್ಮಲ್ಲಿ ರೂಢಿ. ಮಿಕ್ಸರ್, ಟಿವಿ, ದೇವರ ಮಂಟಪ, ಏನೇ ಕೊಳ್ಳಲು ಹೋದರೂ ಆ ದಾರ ನನ್ನ ಪರ್ಸಿನಲ್ಲಿರುತ್ತಿತ್ತು. ಎಂಟು ವರ್ಷದಲ್ಲಿ ದಾರಕ್ಕೆ ಮೀರಿದ ಒಂದು ವಸ್ತುವೂ ನಮ್ಮ ಹೊಸ್ತಿಲು ದಾಟಿರಲಿಲ್ಲ.

ನನ್ನ ಕೆಲಸ ಮಾತ್ರ ಟ್ರಂಕಿನಲ್ಲಿ ಹಿಡಿಯುವಂಥದ್ದಾಗಿರಲಿಲ್ಲ. ನಾನು ಹಲ್ಲಿನ ಕ್ಯಾಪ್ ಮಾಡುವವಳು. ಡಾಕ್ಟರರು ಅಚ್ಚು ಕಳಿಸುತ್ತಾರೆ, ನಾವು ಲ್ಯಾಬಿನಲ್ಲಿ ಮೇಣ ಕೆತ್ತಿ ಹಲ್ಲು ಮಾಡುತ್ತೇವೆ. ಪ್ರತಿ ಊರಿನಲ್ಲೂ ಹೊಸ ಲ್ಯಾಬ್ ಹುಡುಕಬೇಕಿತ್ತು, ಕೈ ಹೊಂದಿಕೊಳ್ಳುವಷ್ಟರಲ್ಲಿ ವರ್ಗ ಬರುತ್ತಿತ್ತು. ವಿಶಾಖಪಟ್ಟಣಕ್ಕೆ ಬಂದ ಮೇಲಂತೂ ಕೆಲಸ ಕೇಳಿದ ಕಡೆಯಲ್ಲೆಲ್ಲ ಗಂಡ ನೌಕಾಪಡೆಯಲ್ಲಿ ಎಂದ ಕೂಡಲೇ ‘ಎಷ್ಟು ದಿನ ಇರ್ತೀರಿ’ ಎಂಬ ಪ್ರಶ್ನೆ. ವರ್ಗ ಯಾವಾಗ ಬರುತ್ತದೆಂದು ನನಗೇ ಗೊತ್ತಿರಲಿಲ್ಲ, ಕೆಲಸವೂ ಸಿಗಲಿಲ್ಲ.

ಹಾಗಿದ್ದಾಗ ನಾನು ಅರ್ಜಿ ಕಳಿಸಿದ್ದ ವಿಜಯವಾಡದ ಒಂದು ಲ್ಯಾಬಿನ ಮೇಡಂ ಫೋನ್ ಮಾಡಿದರು. ಅವರಲ್ಲಿ ಈಗ ಮೇಣವಿಲ್ಲ. ಬಾಯಿಯ ಸ್ಕ್ಯಾನ್ ಇಂಟರ್ನೆಟ್ಟಿನಲ್ಲಿ ಬರುತ್ತದೆ, ಹಲ್ಲನ್ನು ಕಂಪ್ಯೂಟರಿನಲ್ಲಿ ಕೆತ್ತಿ ಕಳಿಸಿದರೆ ಅಲ್ಲಿಯ ಯಂತ್ರ ಅದನ್ನು ಕಡೆದು ಕೊಡುತ್ತದೆ. ಯಾವ ಊರಿನಲ್ಲಿ ಕೂತು ಮಾಡಿದರೂ ಆದೀತು. ಅವರ ತೆಲುಗನ್ನು ನನ್ನ ಕನ್ನಡದಲ್ಲಿ ಹೇಳುವುದಾದರೆ, “ನಿನ್ನ ಗಂಡ ಎಲ್ಲಿದ್ದಾನೆ ಅಂತ ನಾನು ಕೇಳೋದಿಲ್ಲಮ್ಮಾ. ನಿನ್ನ ಹತ್ತಿರ ಯಾವ ಕಂಪ್ಯೂಟರ್ ಇದೆ ಅಂತ ಕೇಳ್ತೀನಿ.”

ಯಾವುದೂ ಇರಲಿಲ್ಲ. ‘ತರ್ತೀನಿ ಮೇಡಂ’ ಎಂದುಬಿಟ್ಟೆ. ಅವರು ಪಟ್ಟಿ ಓದಿದರು: ಆರು ಕೋರಿನ ಪ್ರೊಸೆಸರ್, ಹದಿನಾರು ಜಿಬಿ ರ‍್ಯಾಮ್, ಎಸ್‌ಎಸ್‌ಡಿ, ಎಂಟು ಜಿಬಿಯ ಪ್ರತ್ಯೇಕ ಗ್ರಾಫಿಕ್ಸ್ ಕಾರ್ಡ್. ಆ ಸಾಫ್ಟ್‌ವೇರ್ ತೆರೆಯಲು ಬೆರಳುದ್ದದ ಒಂದು ಕೀ ಬೇಕು, ಕಂಪ್ಯೂಟರಿಗೆ ಚುಚ್ಚಿಡುವಂಥದ್ದು. ಅವರ ಬಳಿ ಹೆಚ್ಚಿಗೆ ಇದ್ದದ್ದು ಒಂದೇ. ಅದಕ್ಕಾಗಿ ಗುಂಟೂರಿನ ಹುಡುಗನೊಬ್ಬ ಕಾಯುತ್ತಿದ್ದನಂತೆ. ನನಗೆ ಹದಿನೈದು ದಿನ. ಹದಿನೈದನೆಯ ದಿನ ಸಂಜೆ ಐದರೊಳಗೆ ಒಂದು ಹಲ್ಲು ಅವರಿಗೆ ತಲುಪಬೇಕು, ಇಲ್ಲವಾದರೆ ಕೀ ಗುಂಟೂರಿಗೆ.

ಅಂಗಡಿಯೊಂದಕ್ಕೆ ಫೋನ್ ಮಾಡಿ, ಅಂಥ ಲ್ಯಾಪ್‌ಟಾಪಿನ ಬೆಲೆ ಕೇಳಿಯೇ ಇಟ್ಟುಬಿಟ್ಟೆ. ಕೈಯಲ್ಲಿ ನಲವತ್ತೈದು ಸಾವಿರವಿತ್ತು. ಭಾಗ ಭಾಗ ಕೊಂಡು ನಾನೇ ಜೋಡಿಸಿದರೆ ಮಾತ್ರ ಸಾಧ್ಯವಿತ್ತು. ನಮ್ಮನೆಯವರು ಹಡಗಿನಲ್ಲಿದ್ದರು. ಹಡಗು ದಡ ಬಿಟ್ಟಿತೆಂದರೆ ಫೋನು ಎಷ್ಟು ಒತ್ತಿದರೂ ಅಷ್ಟೇ. ಪಕ್ಕದ ಕ್ವಾರ್ಟರ್ಸಿನಲ್ಲಿ ಗದಗಿನ ಕಡೆಯವರೊಬ್ಬರಿದ್ದಾರೆ, ನಾನು ವೈನಿ, ಅಂದರೆ ಅತ್ತಿಗೆ, ಎಂದೇ ಕರೆಯುವುದು; ಹಿಂದಿನ ವರ್ಗದಲ್ಲಿ ತಮ್ಮ ಹೊಲಿಗೆ ಯಂತ್ರವನ್ನು ಅಗ್ಗಕ್ಕೆ ಮಾರಿ ಬಂದವರು. ಅವರಿಗೆ ಹೇಳಿದೆ.

“ತಗೊಳ್ಳೂದ ತಗೋ. ಆದ್ರ ವರ್ಗ ಬಂದಾಗ ಅದನ್ನ ತಲೀಮ್ಯಾಲ ಹೊತ್ಕೊಂಡ ಹೋಗ್ತಿಯೇನ? ಟ್ರಂಕಿನ್ಯಾಗ ಹಿಡಿಯೂದಿದ್ರ ತಗೋ, ಇಲ್ಲಾಂದ್ರ ಸುಮ್ಮನ ಬಿಡು.”

ಮರುದಿನ ದಾರ ಹಿಡಿದು ದ್ವಾರಕಾ ನಗರಕ್ಕೆ ಹೋದೆ. ಮೊದಲ ಮಹಡಿಯ ಕಂಪ್ಯೂಟರ್ ಅಂಗಡಿ, ಕನ್ನಡಕವನ್ನು ಹಣೆಯ ಮೇಲೇರಿಸಿಕೊಂಡ ಅಂಗಡಿಯವರು. ಕ್ಯಾಬಿನೆಟ್ ತೋರಿಸಿ ಎಂದಾಗ “ಮುಂದು ಬೋರ್ಡು ಚೂಸುಕೋಂಡಮ್ಮಾ” ಎಂದರು, ಮೊದಲು ಎಲ್ಲ ಭಾಗವೂ ಕೂರುವ ಮದರ್‌ಬೋರ್ಡ್ ನೋಡಿಕೊಳ್ಳಿ ತಾಯಿ, ಡಬ್ಬಿ ಆಮೇಲೆ ಎಂದು. ನಾನು ಕೇಳಲಿಲ್ಲ. ಒಂದೊಂದಕ್ಕೇ ದಾರ ಹಿಡಿದು ನೋಡಿದೆ. ದೊಡ್ಡವೆಲ್ಲ ಹದಿನಾರರ ಗಂಟು ಮೀರಿದವು. ಕೊನೆಗೆ ಒಂದು ತೆಳ್ಳಗಿನದು ಸಿಕ್ಕಿತು, ಬ್ಯಾಂಕಿನ ಕೌಂಟರುಗಳಲ್ಲಿ ಇರುವಂಥದ್ದು. ಮಧ್ಯಮ ಅಳತೆಯ ಬೋರ್ಡ್ ಹಿಡಿಯುತ್ತದೆ ಎಂದು ಅದರ ರಟ್ಟಿನ ಡಬ್ಬದ ಮೇಲೆ ಬರೆದಿತ್ತು. ವಿದ್ಯುತ್ ಕೊಡುವ ಎಸ್‌ಎಂಪಿಎಸ್ ಅದರೊಳಗೇ ಬರುತ್ತಿತ್ತು. ಒಂದು ಭಾಗ ಪುಕ್ಕಟೆ ಸಿಕ್ಕಿತೆಂದು ಹಿಗ್ಗಿ ತಂದೆ. ಟ್ರಂಕಿನಲ್ಲಿಟ್ಟು ನೋಡಿದರೆ ಪಕ್ಕದಲ್ಲಿ ಎರಡು ಹೊದಿಕೆಗೂ ಜಾಗವಿತ್ತು.

ಮುಂದಿನ ನಾಲ್ಕು ದಿನ ಓದಿದೆ, ವಿಡಿಯೊ ನೋಡಿದೆ, ಲ್ಯಾಬಿನ ಆರ್ಡರ್ ಚೀಟಿಯ ಹಾಗೆ ನೋಟ್‌ಬುಕ್ಕಿನಲ್ಲಿ ಮನೆ ಮನೆ ಗೆರೆ ಎಳೆದು ತುಂಬಿದೆ. ಪ್ರೊಸೆಸರ್ ಕೂರುವ ಚೌಕಕ್ಕೆ ಸಾಕೆಟ್ ಎನ್ನುತ್ತಾರೆ. ಅದರ ಹೆಸರು ಬೋರ್ಡಿನದ್ದಕ್ಕೂ ಪ್ರೊಸೆಸರಿನದ್ದಕ್ಕೂ ಒಂದೇ ಆಗಿರಬೇಕು. ರ‍್ಯಾಮ್ ನಾಲ್ಕನೆಯ ತಲೆಮಾರಿನದೋ ಐದನೆಯದೋ ಬೋರ್ಡ್ ಹೇಳುತ್ತದೆ. ಎರಡಕ್ಕೂ ಕಚ್ಚು ಬೇರೆ ಬೇರೆ ಕಡೆ ಇದೆ, ಒತ್ತಿದರೆ ಮುರಿಯುತ್ತದೆಯೇ ಹೊರತು ಕೂರುವುದಿಲ್ಲ. ಇದೆಲ್ಲ ನನಗೆ ಹೊಸದೆನ್ನಿಸಲಿಲ್ಲ. ಮೇಲಿನ ಹಲ್ಲು ಕೆಳಗಿನದಕ್ಕೆ ಸರಿಯಾಗಿ ಕೂತರೆ ಬಾಯಿ, ಇಲ್ಲವಾದರೆ ನೋವು. ಪ್ರೊಸೆಸರಿನಲ್ಲಿ ಎರಡು ಬಗೆ ಇತ್ತು: ತಾನೇ ಪರದೆಗೆ ಚಿತ್ರ ಕೊಡುವುದು, ಕೊಡದಿರುವುದು. ಕೊಡದಿರುವುದು ಅಗ್ಗ. ಹೇಗೂ ಗ್ರಾಫಿಕ್ಸ್ ಕಾರ್ಡ್ ಬರುತ್ತದಲ್ಲ ಎಂದು ಅದನ್ನೇ ಆರಿಸಿದೆ. ಬೋರ್ಡ್, ಪ್ರೊಸೆಸರ್, ರ‍್ಯಾಮ್, ಎಸ್‌ಎಸ್‌ಡಿ ನಾಲ್ಕನ್ನೂ ಅದೇ ಅಂಗಡಿಯಲ್ಲಿ ಕೊಂಡೆ. ಪರದೆಗೆ ಮನೆಯ ಟಿವಿ ಇತ್ತು.

ಕಾರ್ಡ್ ಮಾತ್ರ ವಿಶಾಖಪಟ್ಟಣದಲ್ಲಿ ನನ್ನ ಬೆಲೆಗೆ ಸಿಗಲಿಲ್ಲ. ಎಂಟನೆಯ ದಿನ ಕೀ ತರಲು ಬೆಳಗಿನ ರೈಲಿನಲ್ಲಿ ವಿಜಯವಾಡಕ್ಕೆ ಹೋದೆ. ಬೆಂಜ್ ಸರ್ಕಲ್ ದಾಟಲು ಹತ್ತು ನಿಮಿಷ ನಿಂತೆ. ಮೇಡಂ ಕೀಯನ್ನು ಸಣ್ಣ ಚೀಲದಲ್ಲಿ ಹಾಕಿ ಪುಸ್ತಕದಲ್ಲಿ ಸಹಿ ತೆಗೆದುಕೊಂಡರು. ಕಂಪ್ಯೂಟರ್ ಎಲ್ಲಿಗೆ ಬಂತು ಎಂದರು. ನಾನು ಸಾಕೆಟ್ಟಿನಿಂದ ಶುರು ಮಾಡಿದೆ. ಅವರು ಕೈ ಎತ್ತಿ ತಡೆದರು.

“ಭಾಗಗಳ ಕಥೆ ನನಗೆ ಬೇಡಮ್ಮಾ. ನನಗೆ ಹಲ್ಲು ಬೇಕು.”

ಅಲ್ಲೇ ಎರಡು ಬೀದಿ ಆಚೆ ಒಂದು ಅಂಗಡಿಯಲ್ಲಿ ಬಳಸಿದ ಕಾರ್ಡ್ ಸಿಕ್ಕಿತು, ವಾರಂಟಿ ಇನ್ನೂ ಒಂದು ವರ್ಷ ಉಳಿದಿತ್ತು. ನನ್ನೆದುರೇ ಅವರ ಯಂತ್ರದಲ್ಲಿ ಹಾಕಿ ಓಡಿಸಿ ತೋರಿಸಿದರು. ಟೇಪ್ ಹಿಡಿದೆ. ಇಪ್ಪತ್ತನಾಲ್ಕು ಸೆಂಟಿಮೀಟರ್ ಉದ್ದ. ನನ್ನ ಕ್ಯಾಬಿನೆಟ್ಟಿನ ಒಳಗಿನ ಉದ್ದ ಇಪ್ಪತ್ತಾರು. ಸರಿಹೋಯಿತೆಂದು ಕೊಂಡೆ. ವಾಪಸ್ ಬರುವಾಗ ರೈಲಿನಲ್ಲಿ ಅದನ್ನು ತೊಡೆಯ ಮೇಲಿಟ್ಟುಕೊಂಡೇ ಕೂತಿದ್ದೆ.

ಒಂಬತ್ತನೆಯ ದಿನ ಜೋಡಿಸಲು ಕೂತೆ. ಪ್ರೊಸೆಸರ್ ಕೂತಿತು, ರ‍್ಯಾಮ್ ಟಕ್ಕೆಂದು ಕೂತಿತು, ಬೋರ್ಡಿನ ಸ್ಕ್ರೂಗಳೆಲ್ಲ ತೂತಿಗೆ ಸರಿ ಬಂದವು. ಆಮೇಲೆ ಕಾರ್ಡನ್ನು ಅದರ ಜಾಗದಲ್ಲಿ ನಿಲ್ಲಿಸಿದೆ. ಉದ್ದ ಸರಿಯಾಗಿತ್ತು. ಆದರೆ ಕಾರ್ಡ್ ಕ್ಯಾಬಿನೆಟ್ಟಿನ ಅಂಚಿಗಿಂತ ಮೂರು ಬೆರಳು ಮೇಲೆ ನಿಂತಿತ್ತು. ಆ ತೆಳ್ಳಗಿನ ಡಬ್ಬಿ ಅರ್ಧ ಎತ್ತರದ ಕಾರ್ಡುಗಳಿಗಾಗಿ ಮಾಡಿದ್ದು. ಅದನ್ನು ಡಬ್ಬದ ಪಕ್ಕದಲ್ಲಿ ಸಾಸಿವೆ ಅಕ್ಷರದಲ್ಲಿ ಬರೆದಿದ್ದರು. ಮುಚ್ಚಳ ತೆಗೆದೇ ಇಟ್ಟು ನಡೆಸೋಣ ಎಂದುಕೊಂಡೆ. ಕಾರ್ಡಿಗೆ ಎಂಟು ಕಡ್ಡಿಯ ವಿದ್ಯುತ್ ತಂತಿ ಬೇಕು. ಪುಕ್ಕಟೆ ಬಂದ ಎಸ್‌ಎಂಪಿಎಸ್‌ನಲ್ಲಿ ಅಂಥ ತಂತಿಯೇ ಇರಲಿಲ್ಲ. ಬೇರೆ ಎಸ್‌ಎಂಪಿಎಸ್ ತರೋಣವೆಂದರೆ ಎಲ್ಲರೂ ಬಳಸುವ ಅಳತೆಯದು ಆ ಡಬ್ಬಿಯ ಬಾಯಿಗೇ ಹೋಗುವುದಿಲ್ಲ. ಕಾರ್ಡ್ ಇಲ್ಲದೆ ಓಡಿಸಿ ನೋಡೋಣವೆಂದರೆ ನನ್ನ ಅಗ್ಗದ ಪ್ರೊಸೆಸರ್ ಪರದೆಗೆ ಏನನ್ನೂ ಕೊಡುವುದಿಲ್ಲ. ನಾಲ್ಕೂ ಬಾಗಿಲನ್ನು ನಾನೇ ನನ್ನ ಕೈಯಾರೆ ಮುಚ್ಚಿಕೊಂಡಿದ್ದೆ.

ತಲೆಯ ಮೇಲೆ ಕೈ ಹೊತ್ತು ನೆಲದ ಮೇಲೆ ಕೂತೆ. ಕೂದಲೆಳೆಯಷ್ಟು ಅಂಚು ತಪ್ಪಿದರೂ ಹಲ್ಲನ್ನು ಮತ್ತೆ ಮಾಡುವವಳು ನಾನು. ಉದ್ದ ಅಳೆದು ಎತ್ತರ ಅಳೆಯದೆ ಯಾವ ಹಲ್ಲನ್ನೂ ಇದುವರೆಗೆ ಮಾಡಿಲ್ಲ. ಇಲ್ಲಿ ನನ್ನ ತಲೆಯಲ್ಲಿದ್ದದ್ದು ಬಾಯಿಯಲ್ಲ, ಟ್ರಂಕು. ನನಗೆ ನನ್ನ ಮೇಲೆಯೇ ಎಷ್ಟು ಸಿಟ್ಟು ಬಂತೆಂದರೆ ಅಳು ಬರಲು ಸ್ವಲ್ಪ ಹೊತ್ತು ಹಿಡಿಯಿತು. ಆಮೇಲೆ ಬಂತು.

ಹತ್ತನೆಯ ದಿನ ಕ್ಯಾಬಿನೆಟ್ ಹೊತ್ತು ದ್ವಾರಕಾ ನಗರದ ಅಂಗಡಿಗೆ ಹೋದೆ. ಸ್ಕ್ರೂ ಹಾಕಿದ ಮಾಲು ವಾಪಸ್ ಆಗುವುದಿಲ್ಲ ಎಂದರು, ಅದು ನ್ಯಾಯವೇ. ಬೇರೆ ತಂತಿಗಳಿಂದ ಎಂಟು ಕಡ್ಡಿಯದನ್ನು ಮಾಡಿಕೊಡುವ ಅಡಾಪ್ಟರ್ ಬರುತ್ತದಂತಲ್ಲ ಎಂದು ಕೇಳಿದೆ. ಅವರು ಕನ್ನಡಕ ಇಳಿಸಿ ನನ್ನನ್ನು ನೋಡಿದರು.

“ಈ ಚಿಕ್ಕ ಎಸ್‌ಎಂಪಿಎಸ್ ಮೇಲೆ ಆ ಕಾರ್ಡು ಹಾಕ್ತೀರಾ? ಒದ್ದಮ್ಮಾ. ಬೇಡ. ಕಾರ್ಡೂ ಹೋಗ್ತದೆ, ಬೋರ್ಡೂ ಹೋಗ್ತದೆ.”

ನಾನು ಅಲ್ಲೇ ಸ್ಟೂಲಿನ ಮೇಲೆ ಕೂತುಬಿಟ್ಟೆ. ಮುಖ ಹೇಗಿತ್ತೋ ಏನೋ, ಅವರು ನೀರು ಕೊಟ್ಟರು. ಯಾವುದೋ ಕಚೇರಿಗೆ ಇಂಥ ತೆಳ್ಳಗಿನವು ಬೇಕಾಗಿವೆ, ಸ್ವಲ್ಪ ಕಡಿಮೆಗೆ ತೆಗೆದುಕೊಳ್ಳುತ್ತೇನೆ ಎಂದರು. ಮತ್ತೆರಡು ಕ್ಯಾಬಿನೆಟ್ ತಂದು ಮುಂದಿಟ್ಟರು.

ಒಂದು ಸಣ್ಣದು. ದಾರ ಹಿಡಿದೆ, ಮೂರೂ ಗಂಟಿನೊಳಗೆ ಇತ್ತು. ನನ್ನ ಕಾರ್ಡ್ ಅದರಲ್ಲಿ ಹೋಗುತ್ತಿತ್ತು, ತುದಿಯಲ್ಲಿ ಬೆರಳುಗುರಿನಷ್ಟು ಜಾಗ ಬಿಟ್ಟು. ಇನ್ನೊಂದು ದೊಡ್ಡದು, ಮುಂದೆ ಜಾಲರಿ, ಒಳಗೆ ಕೈಯಾಡಿಸುವಷ್ಟು ಬಯಲು. ಹದಿನಾರರ ಗಂಟಿಗಿಂತ ಒಂದಿಂಚು ಹೆಚ್ಚು. ನಿಲ್ಲಿಸಿ ಅಳೆದೆ, ಮಲಗಿಸಿ ಅಳೆದೆ, ಹೆಚ್ಚೇ ಇತ್ತು.

“ಚಿಕ್ಕದ್ರಲ್ಲಿ ಹಿಡಿಯುತ್ತೆ ಅಲ್ವಾ?” ಎಂದೆ.

“ಹಿಡಿಯುತ್ತಮ್ಮಾ. ಉಸಿರಾಡೋದಿಲ್ಲ. ನಮ್ಮೂರಿನ ಬೇಸಿಗೆಯಲ್ಲಿ ದಿನಕ್ಕೆ ಎಂಟು ಗಂಟೆ ಓಡಿಸಿದರೆ ಬಿಸಿಯಾಗಿ ಆಗಾಗ ನಿಂತುಹೋಗುತ್ತೆ.”

ಆ ಎರಡರ ಮುಂದೆ ನಾನು ಅರ್ಧ ಗಂಟೆ ಕೂತಿದ್ದೆ. ಗಿರಾಕಿಗಳು ನನ್ನನ್ನು ಸುತ್ತುಹಾಕಿಕೊಂಡು ಓಡಾಡಿದರು. ಬಿಗಿಯಾಗಿ ಕೂರಿಸಿದ ಕ್ಯಾಪ್ ಎಷ್ಟು ದಿನ ಬರುತ್ತದೆಂದು ನನಗೆ ಗೊತ್ತು. ರೋಗಿ ಒಂದು ವಾರ ಹಲ್ಲು ಕಚ್ಚಿ ಸಹಿಸುತ್ತಾನೆ, ಆಮೇಲೆ ವಾಪಸ್ ಬರುತ್ತಾನೆ. ಆದರೆ ದೊಡ್ಡದನ್ನು ಕೊಳ್ಳುವುದೆಂದರೆ, ವರ್ಗ ಬಂದ ದಿನ ಇದನ್ನೂ ವೈನಿಯ ಹೊಲಿಗೆ ಯಂತ್ರದ ಹಾಗೆ ಯಾರಿಗೋ ಕೊಟ್ಟು ಹೋಗುವುದು. ಎಲ್ಲಿಗೆ ಬೇಕಾದರೂ ಒಯ್ಯಬಹುದಾದ ಕೆಲಸ ಎಂದು ಆಸೆ ಪಟ್ಟು, ಒಯ್ಯಲಾಗದ ಯಂತ್ರ ಕಟ್ಟಿದಂತೆ. ಹಾಗೆ ಯೋಚಿಸುತ್ತ ಇದ್ದವಳಿಗೆ ಒಮ್ಮೆಲೇ ಅನ್ನಿಸಿತು: ಎಂಟು ವರ್ಷ ನನ್ನನ್ನೂ ಆ ದಾರದೊಳಗೇ ಹಿಡಿಸಿಕೊಂಡು ಬಂದಿದ್ದೇನೆ, ಉಸಿರಾಡಿದ್ದೇನೆಯೇ? ದಾರವನ್ನು ಸುತ್ತಿ ಪರ್ಸಿನಲ್ಲಿಟ್ಟೆ. ದೊಡ್ಡದನ್ನೂ ಒಂದು ಸರಿಯಾದ ಎಸ್‌ಎಂಪಿಎಸ್ಸನ್ನೂ ಕಟ್ಟಿಸಿಕೊಂಡು ಆಟೊ ಹತ್ತಿದೆ. ಕೈಯಲ್ಲಿದ್ದದ್ದು ಅಲ್ಲಿಗೆ ಮುಗಿಯಿತು.

ಹನ್ನೊಂದನೆಯ ದಿನ, ಶನಿವಾರ ಮಧ್ಯಾಹ್ನ, ಸ್ವಿಚ್ ಒತ್ತಿದೆ. ಫ್ಯಾನುಗಳು ತಿರುಗಿದವು. ಟಿವಿ ಕಪ್ಪಗೇ ಇತ್ತು.

ಟಿವಿಯ ತಂತಿಯನ್ನು ಬೋರ್ಡಿಗಲ್ಲ, ಕಾರ್ಡಿಗೇ ಚುಚ್ಚಿದ್ದೆ. ರ‍್ಯಾಮ್ ತೆಗೆದು ಹಾಕಿದೆ, ಒಂದೇ ಇಟ್ಟು ನೋಡಿದೆ, ಜಾಗ ಬದಲಿಸಿದೆ. ಬೋರ್ಡನ್ನು ಹೊರತೆಗೆದು, ಅದರ ರಟ್ಟಿನ ಡಬ್ಬದ ಮೇಲಿಟ್ಟು, ಡಬ್ಬವನ್ನು ರೊಟ್ಟಿ ಬಡಿಯುವ ಹಲಗೆಯ ಮೇಲಿಟ್ಟು ಬರಿಯ ನಾಲ್ಕು ಭಾಗಗಳಲ್ಲಿ ಓಡಿಸಿದೆ. ಫ್ಯಾನು ತಿರುಗುತ್ತದೆ, ಟಿವಿ ಕಪ್ಪು. ಬೋರ್ಡಿನ ಮೂಲೆಯಲ್ಲಿ ಒಂದು ಕೆಂಪು ದೀಪ ಹತ್ತಿ ಉಳಿಯುತ್ತಿತ್ತು, ಅದರ ಪಕ್ಕದಲ್ಲಿ ಸಿಪಿಯು ಎಂದು ಬರೆದಿತ್ತು. ಪ್ರೊಸೆಸರ್ ಸತ್ತಿದೆ ಎಂದುಕೊಂಡೆ. ರಾತ್ರಿ ಅಂಗಡಿಗೆ ಫೋನ್ ಮಾಡಿದರೆ ಬಾಗಿಲು ಹಾಕಿಯಾಗಿದೆ, ಸೋಮವಾರ ಬನ್ನಿ ಎಂದರು.

ನಡುವಿನ ಭಾನುವಾರದಂಥ ದಿನ ನನಗೆ ಇನ್ನೊಂದು ಬರುವುದು ಬೇಡ. ಮಾಡಲು ಏನೂ ಇರಲಿಲ್ಲ. ಬೇರೆ ಪ್ರೊಸೆಸರ್ ಕೊಳ್ಳಲು ಹಣ ಉಳಿದಿರಲಿಲ್ಲ. ಬೆಳಿಗ್ಗೆ ಕೂತು ಮೇಡಂಗೆ ಹೇಳಬೇಕಾದ ಮಾತನ್ನು ಕನ್ನಡದ ಅಕ್ಷರದಲ್ಲಿ, ತೆಲುಗಿನಲ್ಲಿ ಬರೆದೆ. ಕ್ಷಮಿಂಚಂಡಿ ಮೇಡಂ ಎಂದು ಶುರುವಾಗುತ್ತಿತ್ತು. ಎರಡು ಸಲ ಗಟ್ಟಿಯಾಗಿ ಓದಿಕೊಂಡು ಮಡಚಿಟ್ಟೆ. ವೈನಿ ರೊಟ್ಟಿ, ಪುಂಡಿಪಲ್ಯ ತಂದರು. ನೆಲದ ತುಂಬ ಹರಡಿದ ತಂತಿ ದಾಟಿ ಬಂದು ಕೂತರು.

“ಉಣ್ಣು. ಆ ಕೀ ವಾಪಸ್ ಕೊಟ್ಟಬಿಡು ತಂಗಿ. ನಮಗ್ಯಾಕ ಬೇಕ ಇಷ್ಟ ಸಂಕಟ?”

“ಕೊಡ್ತೀನಿ ವೈನಿ. ಬುಧವಾರ ಸಂಜೀಗೆ ಕೊಡ್ತೀನಿ. ಅಲ್ಲೀತನಕ ನಂದ ಅದು.”

ಅವರು ತಟ್ಟೆಯನ್ನು ನನ್ನ ಕಡೆ ಸರಿಸಿದರು. ಆಮೇಲೆ ದೊಡ್ಡ ಕ್ಯಾಬಿನೆಟ್ಟಿನ ಕಡೆ ನೋಡಿ, “ಇದು ಟ್ರಂಕಿನ್ಯಾಗ ಹಿಡಿಯಂಗಿಲ್ಲಲ್ಲ” ಎಂದರು. ನಾನು ರೊಟ್ಟಿ ಮುರಿದು ಪಲ್ಯ ಹಚ್ಚಿಕೊಂಡೆ.

ಸೋಮವಾರ ಅಂಗಡಿಯ ಬಾಗಿಲು ತೆರೆಯುವ ಮುಂಚೆಯೇ ಬೋರ್ಡನ್ನು ಡಬ್ಬದ ಸಮೇತ ಹಿಡಿದು ಮೆಟ್ಟಿಲ ಮೇಲೆ ನಿಂತಿದ್ದೆ. ಅಂಗಡಿಯವರು ಬೋರ್ಡ್ ತಿರುಗಿಸಿ, ಅದರ ಡಬ್ಬದ ಮೇಲಿನ ಚೀಟಿ ಓದಿ, ನಾಲಿಗೆ ಕಚ್ಚಿಕೊಂಡರು. ನನ್ನ ಪ್ರೊಸೆಸರ್ ಸತ್ತಿರಲಿಲ್ಲ. ಬೋರ್ಡ್ ಅವರ ಗೋಡೌನಿನಲ್ಲಿ ಬಹಳ ದಿನ ಬಿದ್ದಿದ್ದ ಮಾಲು. ಅದರೊಳಗೆ ಬಯಾಸ್ ಎಂಬ ಮೂಲ ಪ್ರೋಗ್ರಾಂ ಇರುತ್ತದೆ, ಎದ್ದ ಕೂಡಲೇ ಯಾವ ಪ್ರೊಸೆಸರ್ ಕೂತಿದೆ ಎಂದು ಗುರುತಿಸುವುದು ಅದರ ಕೆಲಸ. ಆ ಪ್ರೋಗ್ರಾಂ ಬರೆದಾಗ ನನ್ನ ಪ್ರೊಸೆಸರ್ ಇನ್ನೂ ಹುಟ್ಟಿರಲಿಲ್ಲ. ಸಾಕೆಟ್ ಒಂದೇ, ಗುರುತು ಮಾತ್ರ ಇಲ್ಲ. ನನ್ನ ನೋಟ್‌ಬುಕ್ಕಿನಲ್ಲಿ ಆ ಒಂದು ಮನೆಯನ್ನು ನಾನು ಹಾಕಿರಲೇ ಇಲ್ಲ.

“ನೋಡಿ ಕೊಡಬೇಕಾದವನು ನಾನು. ತಪ್ಪು ನಂದೇ ಮೇಡಂ ಗಾರು,” ಎಂದರು. ಹಳೆಯ ಪ್ರೊಸೆಸರೊಂದನ್ನು ಕೂರಿಸಿ, ಪೆನ್‌ಡ್ರೈವಿನಿಂದ ಹೊಸ ಬಯಾಸ್ ತುಂಬಿಸಿದರು. ಪರದೆಯ ಮೇಲೆ ಗೆರೆಯೊಂದು ಎಡದಿಂದ ಬಲಕ್ಕೆ ತೆವಳಿತು. ನಡುವೆ ಕರೆಂಟ್ ಹೋದರೆ ಬೋರ್ಡ್ ಶಾಶ್ವತವಾಗಿ ಹೋಗುತ್ತದೆ ಎಂದು ಅವರು ಹೇಳಿದ್ದು ಗೆರೆ ಮುಗಿದ ಮೇಲೆ. ಮತ್ತೆ ನನ್ನ ಪ್ರೊಸೆಸರ್ ಕೂರಿಸಿ, ಅಂಗಡಿಯ ಕಾರ್ಡ್ ಹಾಕಿ ಸ್ವಿಚ್ ಒತ್ತಿದರು. ಅಕ್ಷರ ಮೂಡಿದವು. ಹದಿನಾರು ಜಿಬಿ ಎಂಬುದನ್ನು ಬೆರಳಿಟ್ಟು ಓದಿಕೊಂಡೆ.

ಆ ಸಂಜೆಯೇ ಎಲ್ಲವನ್ನೂ ದೊಡ್ಡ ಕ್ಯಾಬಿನೆಟ್ಟಿನಲ್ಲಿ ಕೂರಿಸಿದೆ. ಟಿವಿ ಬೆಳಗಿತು. ಮಂಗಳವಾರ ಸಾಫ್ಟ್‌ವೇರ್ ಇಳಿಸಿ, ಕೀ ಚುಚ್ಚಿದೆ, ತೆರೆಯಿತು; ವಿಡಿಯೊ ನೋಡುತ್ತ ರಾತ್ರಿಯವರೆಗೆ ಅದನ್ನು ಕಲಿತೆ. ಮೇಡಂ ಒಂದು ಸ್ಕ್ಯಾನ್ ಕಳಿಸಿದರು: ಬಲಗಡೆಯ ಕೆಳಗಿನ ದವಡೆ ಹಲ್ಲು. ಬುಧವಾರ ಬೆಳಿಗ್ಗೆ ಎಂಟಕ್ಕೆ ಕೂತೆ. ಅಂಚಿನ ಗೆರೆ ಎಳೆದೆ, ಹಲ್ಲು ಇಳಿಯುವ ದಿಕ್ಕು ನೋಡಿದೆ, ಅಕ್ಕಪಕ್ಕದ ಹಲ್ಲಿಗೆ ತಾಗಿಸಿದೆ, ಮೇಲಿನ ಹಲ್ಲಿಗೆ ಕಚ್ಚಿಸಿದೆ. ಮೇಣದ ಚಾಕು ಹಿಡಿದ ಕೈಗೆ ಮೌಸ್ ಹಿಡಿಯುವುದು ಮೊದಮೊದಲು ಅವಮಾನದಂತಿತ್ತು. ಮಧ್ಯಾಹ್ನದ ಹೊತ್ತಿಗೆ ಹಲ್ಲು ಹಲ್ಲಿನಂತೆ ಕಾಣತೊಡಗಿತು. ನಾಲ್ಕೂ ಹತ್ತಕ್ಕೆ ಕಳಿಸಿದೆ. ಯಂತ್ರ ಒಮ್ಮೆಯೂ ನಿಲ್ಲಲಿಲ್ಲ.

ಐದಾಯಿತು, ಐದೂವರೆಯಾಯಿತು. ಕ್ಷಮಾಪಣೆಯ ಕಾಗದ ಪಕ್ಕದಲ್ಲೇ ಇತ್ತು. ಐದೂ ನಲವತ್ತಕ್ಕೆ ಮೇಡಂ ಅವರ ಮೆಸೇಜ್ ಬಂತು. ಅಂಚು ಸರಿ ಇದೆ. ಹಿಂದಿನ ಹಲ್ಲಿಗೆ ಒತ್ತು ಸ್ವಲ್ಪ ಹೆಚ್ಚು, ಇನ್ನು ಮುಂದೆ ಕಡಿಮೆ ಮಾಡು. ಕೀ ಇಟ್ಟುಕೋ. ಅದನ್ನು ವೈನಿಗೆ ಓದಿ ಹೇಳಲು ಹೋದವಳು ಬಾಗಿಲಲ್ಲೇ ನಿಂತು ಅತ್ತೆ.

ಮುಂದಿನ ವಾರ ನಮ್ಮನೆಯವರು ಬಂದರು. ಚೀಲ ಇಳಿಸುವ ಮೊದಲೇ ಅವರ ಕಣ್ಣು ಕ್ಯಾಬಿನೆಟ್ಟಿನ ಮೇಲೆ ಬಿತ್ತು.

“ಇದು ಟ್ರಂಕಿನ್ಯಾಗ ಹಿಡೀತೈತೇನ?”

“ಹಿಡಿಯಂಗಿಲ್ರೀ.”

“ಮಲಗಿಸಿದ್ರ?”

“ಮಲಗಿಸಿದ್ರೂ ಒಂದ ಇಂಚ ಹೆಚ್ಚು.”

ನನ್ನ ಮಾತು ನಂಬದೆ ಪರ್ಸಿನಿಂದ ದಾರ ತೆಗೆದು ಅಳೆದರು. ಹದಿನಾರರ ಗಂಟು ಅಂಚು ಮುಟ್ಟದೆ ನಿಂತಿತು. ನಾನು ಪರದೆ ಬಿಟ್ಟು ಕಣ್ಣೆತ್ತಲಿಲ್ಲ. ಐದರೊಳಗೆ ನಾಲ್ಕು ಹಲ್ಲು ಹೋಗಬೇಕಿತ್ತು. ಆಮೇಲೆ ಹಿಂದೆ ಏನೋ ಕೆರೆಯುವ ಸದ್ದು ಕೇಳಿ ತಿರುಗಿದೆ. ನೆಲದ ಮೇಲೆ ಕೂತು ಉಗುರಿನಿಂದ ಆ ಗಂಟನ್ನು ಬಿಚ್ಚುತ್ತಿದ್ದರು. ಎಂಟು ವರ್ಷದ ಗಂಟು, ಸುಲಭಕ್ಕೆ ಬಿಡಲಿಲ್ಲ. ಹಲ್ಲಿನಿಂದ ಕಚ್ಚಿ ಬಿಡಿಸಿದರು.

“ಹೊಸಾ ಟ್ರಂಕ್ ಮಾಡಿಸಿದ್ರಾತು. ಬಾ ಇಲ್ಲೆ, ಆ ತುದಿ ಹಿಡಿ. ಗಂಟ ಎಲ್ಲಿಗೆ ಹಾಕೂದು ನೋಡೂಣು,” ಎಂದರು.

“ತಡೀರಿ. ಈ ಹಲ್ಲ ಕಳಿಸಿ ಬರ್ತೀನಿ.”

ಅವರು ದಾರ ಹಿಡಿದುಕೊಂಡು ಕಾದರು.